ಹೊಗೆ ಕಂಡವರೇ, ಬಾಯಿ ಬಿಡಿ

ಏಪ್ರಿಲ್ 14 ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರು ನೀಲಿಯಾಗುತ್ತವೆ. ಬಾಬಾಸಾಹೇಬ ಅಂಬೇಡ್ಕರರ ಭಾವಚಿತ್ರದ ಮೆರವಣಿಗೆ, ಹಲಗೆ, ಡೊಳ್ಳು, ಡಿಜೆ, ಓಣಿಗೊಂದು ಮಜ್ಜಿಗೆಯ ಮಡಕೆ. ಬಿಸಿಲು ನೆತ್ತಿ ಸುಡುತ್ತಿದ್ದರೂ ಕುಣಿಯುವ ಹುಡುಗರಿಗೆ ಅದರ ಪರಿವೆ ಇರುವುದಿಲ್ಲ. ಅದೇ ದಿನ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಒಂದಷ್ಟು ಸಿಬ್ಬಂದಿ ಸಾಲಾಗಿ ನಿಂತು, ಹೂವಿಟ್ಟು, ಮೌನ ಆಚರಿಸಿ ಒಳಗೆ ಹೋಗುತ್ತಾರೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಫೋಟೊ ಬಂದರೆ ಬಂತು. ಆ ಮೌನ ಯಾರ ಸಲುವಾಗಿ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಬಂದರಿನಲ್ಲಿ ನಿಂತ ಒಂದು ಹಡಗಿನ ಬೆಂಕಿ ಆರಿಸಲು ಹೋಗಿ ಸತ್ತವರ ಸಲುವಾಗಿ. 1944ರ ಏಪ್ರಿಲ್ 14, ಶುಕ್ರವಾರ. ಅಂದು ಬಾಬಾಸಾಹೇಬರಿಗೆ 53 ತುಂಬಿತ್ತು; ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಎರಡು ದಿನದಿಂದ ಲಂಗರು ಹಾಕಿ ನಿಂತಿತ್ತು. ಅದು ನೌಕಾಪಡೆಯ ಹಡಗಲ್ಲ, ಯುದ್ಧದ ಸಾಮಾನು ಹೊತ್ತ ಸರಕು ಹಡಗು. ಒಳಗೆ ಸುಮಾರು 1,400 ಟನ್ ಸ್ಫೋಟಕ, ಬಿಡಿಭಾಗ ಮಾಡಿದ ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳು. ಸಾಲದ್ದಕ್ಕೆ ಕರಾಚಿಯಲ್ಲಿ ತುಂಬಿಸಿಕೊಂಡ 8,700 ಬೇಲ್ ಹತ್ತಿ, ಎಣ್ಣೆ, ಕಟ್ಟಿಗೆ, ಗಂಧಕ. ಹತ್ತಿ ಕೆಳಗೆ, ಮದ್ದುಗುಂಡು ಮೇಲೆ. ಇಂಥ ಸರಕಿದ್ದಾಗ ಹಾರಿಸಲೇಬೇಕಾದ ಕೆಂಪು ಬಾವುಟ ಹಾರಿಸಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೇ ಪಕ್ಕದ ಹಡಗುಗಳಲ್ಲಿದ್ದವರಿಗೆ ಹೊಗೆ ಕಂಡಿತ್ತು. ಕಂಡವರು ಸುಮ್ಮನಿದ್ದರು. ಅವರ ಹಡಗು, ಅವರ ಹೊಗೆ, ಅವರೇ ನೋಡಿಕೊಳ್ಳುತ್ತಾರೆ ಎಂದುಕೊಂಡಿರಬೇಕು. ಎರಡನೆಯ ಉಗ್ರಾಣದಲ್ಲಿ ಬೆಂಕಿಯಿದೆ ಎಂದು ಹಡಗಿನ ಸಿಬ್ಬಂದಿಗೆ ತಿಳಿದಾಗ ಎರಡು ಗಂಟೆ ಆಗುತ್ತ ಬಂದಿತ್ತು. ನೀರು ಹೊಡೆದರು. 900 ಟನ್ನಿಗೂ ಮಿಕ್ಕಿ ನೀರು ಒಳಗೆ ಹೋಯಿತು. ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಯಾರಿಗೂ ಕಾಣಲಿಲ್ಲ. ಹಾಕಿದ ನೀರೇ ಹಡಗಿನೊಳಗೆ ಕುದಿಯತೊಡಗಿತು. 3.50ಕ್ಕೆ ಹಡಗು ಬಿಡಿ ಎಂಬ ಆದೇಶ ಬಂತು. 4.06ಕ್ಕೆ ಮೊದಲ ಸ್ಫೋಟ, ಅರ್ಧ ತಾಸಿನೊಳಗೆ ಎರಡನೆಯದು. ಶಿಮ್ಲಾದ ಭೂಕಂಪ ಮಾಪಕದಲ್ಲಿ ಗೆರೆ ಮೂಡಿತು. ಸತ್ತವರ ಲೆಕ್ಕ 800ರಿಂದ 1,300ರವರೆಗೆ ಓಡಾಡುತ್ತದೆ, ಸುಮಾರು 80,000 ಮಂದಿ ಮನೆ ಕಳೆದುಕೊಂಡರು. ಪೈಪು ಹಿಡಿದು ನಿಂತ ಜಾಗದಲ್ಲೇ 66 ಮಂದಿ ಅಗ್ನಿಶಾಮಕರು ಹೋದರು. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಆ 66 ಮಂದಿಯ ನೆನಪಿಗೆ.

ಮುಂಬೈಯಲ್ಲಿ ಈ ಕಥೆ ಹೇಳುವವರು ಇಂದಿಗೂ ಆಕಾಶದಿಂದ ಬಿದ್ದ ಚಿನ್ನದ ಗಟ್ಟಿಯನ್ನೇ ಮೊದಲು ಹೇಳುತ್ತಾರೆ. ನಮ್ಮ ಜನದ ನೆನಪು ಹಾಗೆಯೇ. ಬಂಗಾರ ನೆನಪಿರುತ್ತದೆ, ಪೈಪು ಹಿಡಿದವನು ಮರೆತುಹೋಗುತ್ತಾನೆ. ನನಗೆ ಮುಖ್ಯವಾಗಿ ಕಾಣುವುದು ವಿಚಾರಣೆಯ ವರದಿ. ಶತ್ರು ಬಾಂಬು ಹಾಕಿದ್ದರಿಂದ ಇದು ಆಗಲಿಲ್ಲ. ಮದ್ದಿನ ಕೆಳಗೆ ಹತ್ತಿ ತುಂಬಿದ್ದು, ಬಾವುಟ ಹಾರಿಸದಿದ್ದದ್ದು, ಸ್ಫೋಟಕ ಇಳಿಸಲು ತಡ ಮಾಡಿದ್ದು, ಉಗಿ ಬಿಟ್ಟು ಬೆಂಕಿ ನಂದಿಸುವ ವ್ಯವಸ್ಥೆ ಇದ್ದೂ ಬಳಸದಿದ್ದದ್ದು, ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸಲು ತಡವಾದದ್ದು. ಒಂದೊಂದೂ ಸಣ್ಣ ಉದಾಸೀನ. ಯಾವುದಕ್ಕೂ ದೊಡ್ಡ ಬುದ್ಧಿ ಬೇಕಿರಲಿಲ್ಲ.

ಸಮುದ್ರವನ್ನೇ ಕಾಣದ ಭೀಮಾ, ಕೃಷ್ಣೆಯ ದಂಡೆಯ ನಮಗೆ ಹಡಗಿನ ಮಾತು ಯಾಕೆ ಎಂದು ಕೇಳಬಹುದು. ಫೋರ್ಟ್ ಸ್ಟಿಕೀನ್‌ನಲ್ಲಿದ್ದ ಹತ್ತಿ ನಮ್ಮದಲ್ಲ, ನಿಜ. ಆದರೆ ಹತ್ತಿಯ ಬೆಂಕಿ ಎಂಥದ್ದೆಂದು ಶಹಾಪುರದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಒತ್ತಿ ಕಟ್ಟಿದ ಬೇಲಿನೊಳಗೆ ಕಿಡಿ ಹೊಕ್ಕರೆ ಜ್ವಾಲೆ ಏಳುವುದಿಲ್ಲ. ಒಳಗೊಳಗೇ ಕನಲುತ್ತ ದಿನಗಟ್ಟಲೆ ಕೂರುತ್ತದೆ. ಮೇಲೆ ಎಷ್ಟು ನೀರು ಸುರಿದರೂ ಹೊರಮೈ ತೊಯ್ದು ಹರಿದುಹೋಗುತ್ತದೆ. ಬೇಲು ಬಿಚ್ಚಿದರೆ ಗಾಳಿ ಸಿಕ್ಕು ಭಗ್ಗನೆ ಹತ್ತಿಕೊಳ್ಳುತ್ತದೆ. ಮಾಗಿಯಲ್ಲಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಬೆಳ್ಳಗೆ ಗುಡ್ಡ ಬಿದ್ದ ಅರಳೆಯ ಪಕ್ಕ ದುಡಿಯುವ ಹೆಣ್ಣುಮಕ್ಕಳಿಗೆ ಇದು ಗೊತ್ತು. ಹತ್ತಿಯ ಜೊತೆ ಬಂದ ಒಂದು ಹರಳುಕಲ್ಲು ಯಂತ್ರದ ಹಲ್ಲಿಗೆ ತಾಗಿದರೆ ಸಾಕು, ಕಿಡಿ.

ನೌಕಾಪಡೆಯೂ ನಮಗೆ ದೂರದ್ದಲ್ಲ. ನಮ್ಮದೇ ರಾಜ್ಯದ ಕಾರವಾರದಲ್ಲಿ ‘ಸೀಬರ್ಡ್’ ಯೋಜನೆಯ ನೌಕಾನೆಲೆ ಇದೆ. 2005ರಲ್ಲಿ ‘ಐಎನ್‌ಎಸ್ ಕದಂಬ’ ಎಂದು ಅದಕ್ಕೆ ಕನ್ನಡದ ಮೊದಲ ಅರಸುಮನೆತನದ ಹೆಸರನ್ನೇ ಇಟ್ಟರು. ಅದಕ್ಕಾಗಿ ಅಲ್ಲಿಯ ಊರುಗಳ ಸಾವಿರಾರು ಕುಟುಂಬಗಳು ಮನೆ ಮಠ ಬಿಟ್ಟವು. ಮೀನುಗಾರರು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದದ್ದು ಬೇರೆಯೇ ಕಥೆ. ಕೃಷ್ಣೆಯ ಹಿನ್ನೀರಿಗೆ ಊರು ಕೊಟ್ಟವರಿಗೆ ಅದನ್ನು ವಿವರಿಸಬೇಕಿಲ್ಲ.

ಆ ಕಾರವಾರವೇ ವಿಮಾನವಾಹಕ ನೌಕೆ ‘ಐಎನ್‌ಎಸ್ ವಿಕ್ರಮಾದಿತ್ಯ’ದ ತವರು. 284 ಮೀಟರ್ ಉದ್ದ, 44,500 ಟನ್ ತೂಕ. ಮೂಲದಲ್ಲಿ ಸೋವಿಯತ್ ಕಾಲದ ಹಡಗು, ರಿಪೇರಿಯಾಗಿ 2013ರ ನವೆಂಬರ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿತು. 2012ರ ಪರೀಕ್ಷಾ ಯಾನದಲ್ಲೇ ಅದರ ಬಾಯ್ಲರುಗಳು ಕೈಕೊಟ್ಟಿದ್ದವು. 2019ರ ಏಪ್ರಿಲ್ 26ರ ಬೆಳಿಗ್ಗೆ ಆ ಹಡಗು ಕಾರವಾರ ಬಂದರು ಪ್ರವೇಶಿಸುತ್ತಿತ್ತು. ದಡ ಕಣ್ಣೆದುರಿಗಿತ್ತು. ಆಗ ಒಳಗೆ ಬೆಂಕಿ ಕಾಣಿಸಿತು. ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾನ್ ಬೆಂಕಿ ನಂದಿಸುವ ತಂಡದ ಮುಂದೆ ನಿಂತು ಒಳಹೊಕ್ಕರು. ಬೆಂಕಿ ಹತೋಟಿಗೆ ಬಂತು. ಹೊಗೆ ಕುಡಿದು ಪ್ರಜ್ಞೆ ತಪ್ಪಿದ ಅವರನ್ನು ಕಾರವಾರದ ನೌಕಾ ಆಸ್ಪತ್ರೆ ‘ಪತಂಜಲಿ’ಗೆ ಸಾಗಿಸಿದರು, ಉಳಿಸಿಕೊಳ್ಳಲಾಗಲಿಲ್ಲ. ಮಧ್ಯಪ್ರದೇಶದ ರತ್ಲಾಮ್‌ನ ಮಗ. ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ.

ವಿಚಾರಣೆಗೆ ಆದೇಶವಾಯಿತು. 2021ರ ಮೇ 8ರಂದು ಅದೇ ಹಡಗಿನ ನಾವಿಕರ ವಸತಿ ಭಾಗದಲ್ಲಿ ಮತ್ತೆ ಬೆಂಕಿ. ಹಡಗು ಬಂದರಿನಲ್ಲಿತ್ತು, ಪ್ರಾಣಹಾನಿ ಇಲ್ಲ. ವಿಚಾರಣೆಗೆ ಆದೇಶವಾಯಿತು. 2022ರ ಜುಲೈ 20ರಂದು ಕಾರವಾರದ ಹತ್ತಿರ ಪರೀಕ್ಷಾ ಯಾನದಲ್ಲಿದ್ದಾಗ ಮೂರನೆಯ ಸಲ. ವಿಚಾರಣೆಗೆ ಆದೇಶವಾಯಿತು. ಕನ್ನಡ ಪತ್ರಿಕೆಗಳನ್ನು ತಿರುವಿ ಹಾಕಿದರೆ ಮೂರೂ ಸುದ್ದಿ ಆ ಸಾಲಿನೊಂದಿಗೇ ಮುಗಿಯುತ್ತವೆ. ಆ ಸಾಲಿನ ಮುಂದಿನ ಸಾಲು ಯಾವುದು ಎಂದು ನಾವು ಯಾವತ್ತೂ ಕೇಳಲಿಲ್ಲ, ಅವರು ಯಾವತ್ತೂ ಹೇಳಲಿಲ್ಲ.

ಯುದ್ಧದಲ್ಲಿ ಹಡಗು ಸುಟ್ಟರೆ ಅದಕ್ಕೆ ಶತ್ರು ಇದ್ದಾನೆ. ಬಂದರಿನಲ್ಲಿ ಸುಟ್ಟರೆ ಯಾರಿದ್ದಾರೆ?

ಮುಂಬೈಯ ನೌಕಾ ಡಾಕ್‌ಯಾರ್ಡ್‌ನಲ್ಲಿ 2013ರ ಆಗಸ್ಟ್ 13ರ ನಡುರಾತ್ರಿ, ಸ್ವಾತಂತ್ರ್ಯ ದಿನಕ್ಕೆ ಒಂದೇ ದಿನ ಇರುವಾಗ, ‘ಸಿಂಧುರಕ್ಷಕ್’ ಜಲಾಂತರ್ಗಾಮಿ ಸ್ಫೋಟಗೊಂಡು ಕಟ್ಟಿದ್ದ ಜಾಗದಲ್ಲೇ ಮುಳುಗಿತು. ಒಳಗಿದ್ದ 18 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆರು ತಿಂಗಳ ಮೇಲೆ, 2014ರ ಫೆಬ್ರುವರಿ 26ರಂದು, ಇನ್ನೊಂದು ಜಲಾಂತರ್ಗಾಮಿ ‘ಸಿಂಧುರತ್ನ’ದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಹೋದರು. ಅದೇ ದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಈ ದೇಶದಲ್ಲಿ ಹೊಣೆ ಹೊತ್ತು ಕುರ್ಚಿಯಿಂದ ಎದ್ದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು, ಅವರಲ್ಲಿ ಜೋಶಿ ಒಬ್ಬರು. ಆದರೆ ಒಬ್ಬರು ಎದ್ದು ಹೋದರೆ ಹಡಗಿನ ತಂತಿ, ಪೈಪು, ಬಾಗಿಲು ತಾವಾಗಿ ಸರಿಹೋಗುವುದಿಲ್ಲ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2017ರಲ್ಲಿ ಸಂಸತ್ತಿಗೆ ಕೊಟ್ಟ ವರದಿ 2007-08ರಿಂದ 2015-16ರವರೆಗೆ ನೌಕಾಪಡೆಯ ಹಡಗು, ಜಲಾಂತರ್ಗಾಮಿಗಳಲ್ಲಿ 38 ಅಪಘಾತ ಎಣಿಸಿತು. ಹಡಗಿನ ಅಪಘಾತಗಳಲ್ಲಿ ಬೆಂಕಿ, ಸ್ಫೋಟ, ನೀರು ನುಗ್ಗಿದ್ದೇ ಹೆಚ್ಚು ಎಂದಿತು. ಸುರಕ್ಷತೆಗೆಂದೇ ನೌಕಾಪಡೆ 2014ರಲ್ಲಿ ಕಟ್ಟಿಕೊಂಡ ಪ್ರತ್ಯೇಕ ವ್ಯವಸ್ಥೆಗೆ ಆ ವೇಳೆಗೂ ಸರ್ಕಾರದ ಮಂಜೂರಾತಿ ಸಿಕ್ಕಿರಲಿಲ್ಲ ಎಂದೂ ಬರೆಯಿತು. ಹೆಣದ ಮೇಲೆ ಹೊದಿಸುವ ತ್ರಿವರ್ಣಕ್ಕೆ ಮಂಜೂರಾತಿ ತಡವಾದದ್ದನ್ನು ನಾನಂತೂ ಕೇಳಿಲ್ಲ.

ಆಮೇಲೆ ಬಂತು ‘ಬ್ರಹ್ಮಪುತ್ರ’. ಕೋಲ್ಕತ್ತದಲ್ಲಿ ಕಟ್ಟಿದ, 2000ದಲ್ಲಿ ಸೇವೆಗೆ ಬಂದ ಯುದ್ಧನೌಕೆ. 2024ರ ಜುಲೈ 21ರ ಸಂಜೆ, ಮುಂಬೈ ಡಾಕ್‌ಯಾರ್ಡ್‌ನಲ್ಲಿ ರಿಪೇರಿಗೆ ನಿಂತಿದ್ದಾಗ ಬೆಂಕಿ ಬಿತ್ತು. ಮರುದಿನ ಬೆಳಿಗ್ಗೆ ಹೊತ್ತಿಗೆ ಬೆಂಕಿ ಹತೋಟಿಗೆ ಬಂತು. ಮಧ್ಯಾಹ್ನ ಹಡಗು ಒಂದು ಮಗ್ಗುಲಿಗೆ ವಾಲತೊಡಗಿತು, ಏನು ಮಾಡಿದರೂ ನೆಟ್ಟಗಾಗಲಿಲ್ಲ. ಕಾಣೆಯಾಗಿದ್ದ ನಾವಿಕ ಸೀತೇಂದ್ರ ಸಿಂಗ್ ಅವರ ಶವವನ್ನು ಮುಳುಗುಗಾರರು 24ರಂದು ಹೊರತೆಗೆದರು.

ರಿಪೇರಿಗೆ ನಿಂತ ಹಡಗು ಏಕೆ ಅಷ್ಟು ಬೇಗ ಹತ್ತಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಸಮುದ್ರದಲ್ಲಿರುವಾಗ ಹಡಗಿನ ಕಬ್ಬಿಣದ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಬಹುದು. ಬೆಂಕಿ ಹುಟ್ಟಿದ ಕೋಣೆಯಲ್ಲೇ ಅದನ್ನು ಉಸಿರುಗಟ್ಟಿಸಬಹುದು. ಡಾಕಿಗೆ ಬಂದ ಮೇಲೆ ಅದೇ ಬಾಗಿಲುಗಳ ಮೂಲಕ ವೆಲ್ಡಿಂಗ್ ತಂತಿ, ಗಾಳಿಯ ಕೊಳವೆ, ಕರೆಂಟಿನ ಕೇಬಲ್ಲು ಹಾಯ್ದಿರುತ್ತವೆ. ಬಾಗಿಲು ಹಾಕಲು ಬರುವುದಿಲ್ಲ. ಬೆಂಕಿ ನಂದಿಸುವ ಪೈಪುಗಳನ್ನೇ ಬಿಚ್ಚಿ ರಿಪೇರಿಗೆ ಹಾಕಿರುತ್ತಾರೆ. ಅರ್ಧ ಸಿಬ್ಬಂದಿ ರಜೆಯ ಮೇಲೆ. ಹಗಲು ಬಂದು ಕೆಲಸ ಮಾಡಿ ಹೋಗುವ ಗುತ್ತಿಗೆ ಕೆಲಸಗಾರರಿಗೆ ಹಡಗಿನ ದಾರಿ ಗೊತ್ತಿರುವುದಿಲ್ಲ. ಒಂದು ಕೋಣೆ ಹೊತ್ತಿಕೊಂಡರೆ ಪಕ್ಕದ ಕೋಣೆಗೆ ಜ್ವಾಲೆ ನುಗ್ಗಲೇಬೇಕೆಂದಿಲ್ಲ. ಉರಿ ಕೆಳಗಿದ್ದರೂ ಹಂಚಿನ ಮೇಲೆ ರೊಟ್ಟಿ ಬೇಯುವ ಹಾಗೆ, ನಡುವಿನ ಉಕ್ಕಿನ ಗೋಡೆ ಕಾದು ಆಚೆಯ ಬಣ್ಣ, ಹಾಸಿಗೆ, ಕಾಗದ ತಾವಾಗಿಯೇ ಹತ್ತುತ್ತವೆ. ನಂದಿಸಲು ಸುರಿದ ನೀರು ಒಂದು ಮಗ್ಗುಲಿಗೆ ಜಮೆಯಾದರೆ ಹಡಗು ಹೊರಳುತ್ತದೆ.

1942ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ‘ನಾರ್ಮಂಡಿ’ ಹಾಗೇ ಹೊರಳಿತು. ಫ್ರೆಂಚರ ಆ ಪ್ರಯಾಣಿಕರ ಹಡಗನ್ನು ಅಮೆರಿಕದ ನೌಕಾಪಡೆ ಸೈನಿಕರನ್ನು ಸಾಗಿಸಲು ಸಜ್ಜು ಮಾಡುತ್ತಿತ್ತು. ಲೋಹ ಕತ್ತರಿಸುವ ಬೆಂಕಿಯ ಕಿಡಿ ಲೈಫ್ ಜಾಕೆಟ್ಟುಗಳ ರಾಶಿಗೆ ಬಿತ್ತು. ಜೀವ ಉಳಿಸುವ ಆ ಜಾಕೆಟ್ಟಿನೊಳಗೆ ಇದ್ದದ್ದು ಬೂರುಗದ ಅರಳೆ. ಮತ್ತೆ ಹತ್ತಿಯ ಬಳಗವೇ. ಹಡಗಿನ ಅಲಾರಂ ಕಿತ್ತು ಹಾಕಿದ್ದರು. ಫ್ರೆಂಚ್ ಪೈಪಿನ ಬಾಯಿಗೆ ನ್ಯೂಯಾರ್ಕಿನ ಪೈಪು ಕೂರಲಿಲ್ಲ. ಹಡಗನ್ನು ವಿನ್ಯಾಸ ಮಾಡಿದ ಯುರ್ಕೆವಿಚ್ ಓಡೋಡಿ ಬಂದು, ತಳದ ಕವಾಟ ತೆರೆದು ನೀರು ಬಿಡಿ, ನೆಟ್ಟಗೆ ತಳ ಹಿಡಿದು ಕೂರುತ್ತದೆ ಎಂದರು. ಅಧಿಕಾರಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಹಡಗು ಮಗ್ಗುಲಾಯಿತು.

ಅಮೆರಿಕದ್ದೇ ಇನ್ನೊಂದು ಕಥೆ ನಮ್ಮ ಕಾಲದ್ದು. 2020ರ ಜುಲೈ 12, ಸ್ಯಾನ್ ಡಿಯಾಗೊ ಬಂದರು. ರಿಪೇರಿಗೆ ನಿಂತಿದ್ದ ಯುದ್ಧನೌಕೆ ‘ಬೊನೊಮ್ ರಿಚರ್ಡ್’ ನಾಲ್ಕು ದಿನಕ್ಕೂ ಮಿಕ್ಕಿ ಉರಿಯಿತು. ಮತ್ತೆ ಕಟ್ಟುವುದಕ್ಕಿಂತ ಮುರಿಯುವುದೇ ಅಗ್ಗ ಎಂದು ಗುಜರಿಗೆ ಹಾಕಿದರು. ಹಡಗಿನ ಬೆಂಕಿ ನಂದಿಸುವ ಕೇಂದ್ರಗಳಲ್ಲಿ ನೂರಕ್ಕೆ 87 ಕೆಟ್ಟು ನಿಂತಿದ್ದವು. ಅದಕ್ಕೂ ಮುಂಚಿನ 14 ಅಣಕು ಅಭ್ಯಾಸಗಳಲ್ಲಿ ಸಾಲಾಗಿ 14ರಲ್ಲೂ ನಿಗದಿತ ಸಮಯದೊಳಗೆ ಬೆಂಕಿಯ ಬುಡಕ್ಕೆ ನೊರೆಯಾಗಲಿ ನೀರಾಗಲಿ ಮುಟ್ಟಿಸಲು ಆಗಿರಲಿಲ್ಲ. ಆದರೂ ಯಾರಿಗೂ ಎಚ್ಚರವಾಗಲಿಲ್ಲ. ಇಡೀ ಹಡಗಿಗೆ ನೊರೆ ಹರಿಸುವ ಒಂದು ಗುಂಡಿ ಇತ್ತು. ವಿಚಾರಣೆಯಲ್ಲಿ ಕೇಳಿದಾಗ ಆ ಗುಂಡಿ ಎಲ್ಲಿದೆ, ಒತ್ತಿದರೆ ಏನಾಗುತ್ತದೆ ಎಂದು ಹೇಳಬಲ್ಲವರು ಆ ಸಿಬ್ಬಂದಿಯಲ್ಲಿ ಒಬ್ಬರೂ ಸಿಗಲಿಲ್ಲ. ನೂರಾರು ಕೋಟಿ ಡಾಲರಿನ ಹಡಗು, ಕೈಯಳತೆಯ ಗುಂಡಿ. ಅಂದು ಭಾನುವಾರ. ಬ್ರಹ್ಮಪುತ್ರಕ್ಕೆ ಬೆಂಕಿ ಬಿದ್ದ ದಿನವೂ ಭಾನುವಾರ.

ಒಂದು ಮಾತು ಮಾತ್ರ ಆ ದೇಶದ ನೌಕಾಪಡೆಯ ಪರವಾಗಿ ಹೇಳಬೇಕು. ಅದು ತನ್ನ ಹುಳುಕನ್ನೆಲ್ಲ ನೂರಾರು ಪುಟದಲ್ಲಿ ಬರೆದು 2021ರಲ್ಲಿ ಊರೆದುರು ಇಟ್ಟಿತು. ಆ ಗುಂಡಿಯ ಕಥೆ ಯಾದಗಿರಿಯ ನನಗೆ ಗೊತ್ತಾದದ್ದು ಹಾಗೆ. ನಮ್ಮ ಕಾರವಾರದ ಹಡಗಿನಲ್ಲಿ ಯಾವ ಗುಂಡಿ ಯಾರಿಗೆ ಗೊತ್ತಿರಲಿಲ್ಲವೋ!

ಗುಟ್ಟು ಬಿಟ್ಟುಕೊಟ್ಟರೆ ಶತ್ರುವಿಗೆ ಅನುಕೂಲ ಎನ್ನುವವರಿದ್ದಾರೆ. ಕ್ಷಿಪಣಿ ಎಷ್ಟು ದೂರ ಹೋಗುತ್ತದೆ, ರಾಡಾರು ಏನು ನೋಡುತ್ತದೆ ಎಂದು ನಾವು ಕೇಳುತ್ತಿಲ್ಲ. ಪೈಪಿನಲ್ಲಿ ನೀರು ಇತ್ತೇ, ಉಸಿರಾಟದ ಮುಖವಾಡ ಸಾಕಷ್ಟಿದ್ದವೇ, ರಜೆಯ ದಿನ ಕಾವಲಿಗೆ ಎಷ್ಟು ಮಂದಿ ಇದ್ದರು, ಹಿಂದಿನ ವಿಚಾರಣೆ ಹೇಳಿದ್ದರಲ್ಲಿ ಎಷ್ಟು ಜಾರಿಯಾಯಿತು? ಇದರಲ್ಲಿ ಗುಟ್ಟು ಎಲ್ಲಿದೆ?

ಕೇಳುವ ಹಕ್ಕು ನಮಗಿದೆ, ಯಾಕೆಂದರೆ ಮಕ್ಕಳನ್ನು ಕೊಡುವವರು ನಾವು. ಬೆಳಗಿನ ಐದಕ್ಕೆ ಯಾದಗಿರಿಯ ಕ್ರೀಡಾಂಗಣಕ್ಕೋ, ಶಹಾಪುರದ ಕಾಲೇಜು ಮೈದಾನಕ್ಕೋ ಹೋಗಿ ನೋಡಿ. ಬರಿಗಾಲಲ್ಲಿ ಓಡುವ ಹುಡುಗರು. ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ, ಮನೆಯಲ್ಲಿ ಅಜ್ಜಿ. 2022ರಿಂದ ಅಗ್ನಿವೀರ ಭರ್ತಿ ಬಂದ ಮೇಲೆ ನಾಲ್ಕು ವರ್ಷದ ನೌಕರಿ, ಅದರಲ್ಲಿ ನೂರಕ್ಕೆ 25 ಮಂದಿಗೆ ಮಾತ್ರ ಮುಂದುವರಿಕೆ. ಆದರೂ ಓಡುತ್ತಾರೆ. ನೌಕಾಪಡೆಗೆ ಆಯ್ಕೆಯಾದವನು ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ತರಬೇತಿಗೆ ಹೊರಟರೆ ಊರಿಗೆ ಊರೇ ಸ್ಟೇಷನ್ನಿಗೆ ಬಂದು ಹಾರ ಹಾಕುತ್ತದೆ. ಸಮುದ್ರದ ಉಪ್ಪುನೀರು ಕಾಲಿಗೆ ತಾಗದ ಹುಡುಗ ಅವನು. ಶತ್ರುವಿನ ಗುಂಡಿಗೆ ಎದೆ ಕೊಡಲು ಅವನು ಸಿದ್ಧ. ವೆಲ್ಡಿಂಗ್ ಕಿಡಿಗೆ, ಕೆಟ್ಟ ಬಾಯ್ಲರಿಗೆ, ಸಹಿಯಾಗದ ಕಡತಕ್ಕೆ ಅವನನ್ನು ಕೊಡುವುದಾಗಿ ನಾವು ಯಾರಿಗೂ ಮಾತು ಕೊಟ್ಟಿಲ್ಲ.

ಸುರಪುರದವರಿಗೆ ವೀರಮರಣದ ಕಥೆ ಹೊಸದಲ್ಲ. 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕರ ನೆಲ ಅದು. ಸತ್ತವರಿಗೆ ಪ್ರತಿಮೆ ನಿಲ್ಲಿಸುವುದರಲ್ಲಿ, ವೃತ್ತಕ್ಕೆ ಹೆಸರಿಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಜೈಕಾರ ಮುಗಿದ ಮೇಲೆ, ಈ ಹುಡುಗ ಸಾಯಲೇಬೇಕಿತ್ತೇ ಎಂದು ಕೇಳುವ ದನಿ ಮಾತ್ರ ಏಳುವುದಿಲ್ಲ. ಕೇಳಿದರೆ ಸತ್ತವನಿಗೆ ಅವಮಾನವಾಗುತ್ತದೆ ಎಂದು ಯಾರೋ ನಮಗೆ ಕಲಿಸಿಬಿಟ್ಟಿದ್ದಾರೆ. ನನಗೆ ತಿಳಿದ ಮಟ್ಟಿಗೆ ಅವನಿಗೆ ಆಗುವ ದೊಡ್ಡ ಅವಮಾನವೆಂದರೆ ಅದೇ ಬೆಂಕಿ ಮತ್ತೊಬ್ಬನನ್ನು ಸುಡುವುದು.

ದೆಹಲಿಗೆ ಬೆರಳು ತೋರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಶಹಾಪುರದ ಹೊರವಲಯದ ಒಂದು ಹತ್ತಿ ಮಿಲ್ಲಿಗೆ ಹೋಗಿದ್ದೆ. ಹೆಸರು ಬೇಡ, ಮಿಕ್ಕ ಮಿಲ್ಲುಗಳು ಇದಕ್ಕಿಂತ ಮೇಲು ಎಂದು ಆಣೆ ಮಾಡಿ ಹೇಳಲು ನನ್ನಿಂದಾಗದು. ಗೋಡೆಗೆ ನಾಲ್ಕು ಕೆಂಪು ಬಕೀಟು ತೂಗುಹಾಕಿದ್ದರು. ಒಂದರಲ್ಲಿ ಮರಳಿತ್ತು. ಒಂದರ ತುಂಬ ಗುಟ್ಕಾ ಉಗುಳು. ಮೂರನೆಯದಕ್ಕೆ ತಳವೇ ಇರಲಿಲ್ಲ. ನಾಲ್ಕನೆಯದರಲ್ಲಿ ಯಾರೋ ಊಟದ ಬುತ್ತಿ ಇಟ್ಟಿದ್ದರು. ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ಚೀಟಿ ಬಿಸಿಲಿಗೆ ಬಿಳಿಚಿ ದಿನಾಂಕ ಕಾಣುತ್ತಿರಲಿಲ್ಲ. ಅದರ ಪಿನ್ನಿಗೆ ಹತ್ತಿಯ ಅಂಡಿಗೆ ಹೊಲಿಯುವ ದಾರ ಸುತ್ತಿ ಬಿಗಿದಿದ್ದರು, ಹುಡುಗರು ಆಟಕ್ಕೆ ಒತ್ತಬಾರದೆಂದು. ಅರಳೆಯ ಗುಡ್ಡದ ಪಕ್ಕ ಕೂತಿದ್ದ ಹಮಾಲನನ್ನು ಕೇಳಿದೆ:

“ಇದು ನಡೀತದೇನು ತಮ್ಮಾ?”

“ಯಾರಿಗ್ಗೊತ್ರಿ ಅಣ್ಣಾರ. ನಾ ಬಂದಾಗಿಂದ ಹಂಗೇ ಐತಿ.”

“ಸಾವ್ಕಾರ್ಗೆ ಹೇಳಬಾರ್ದೇನು?”

“ಹೇಳಿದ್ರ, ನಾಳಿಂದ ಬರಬ್ಯಾಡ ಅಂದ್ರ ಏನ್ಮಾಡ್ಲಿ? ಈಗರ ಬ್ಯಾರೆ ಕಡಿ ಕೆಲ್ಸ ಎಲ್ಲೈತ್ರಿ?”

ಇಷ್ಟೇ. ವಿಕ್ಟೋರಿಯಾ ಡಾಕ್‌ನಲ್ಲಿ ಹನ್ನೆರಡೂವರೆಗೆ ಹೊಗೆ ಕಂಡೂ ಸುಮ್ಮನಿದ್ದವರನ್ನು ನಾನು ಬೈಯಬಲ್ಲೆ, ಈ ಹುಡುಗನನ್ನು ಬೈಯಲಾರೆ. ಅವನಿಗೆ ಹೊಗೆ ಕಂಡಿದೆ. ಬಾಯಿ ಬಿಟ್ಟರೆ ಕೂಲಿ ಹೋಗುತ್ತದೆ. ಪಾಪ ಇರುವುದು ಅವನ ಬಾಯಿ ಕಟ್ಟಿದ ಕಡೆ. ಬಾಯಿ ಬಿಟ್ಟರೂ ಕೂಲಿ ಹೋಗದ ನಾವು, ಮಾಸ್ತರರು, ವಕೀಲರು, ಡಾಕ್ಟರು, ಪತ್ರಕರ್ತರು, ಪಿಂಚಣಿದಾರರು, ಬಾಯಿ ಕಟ್ಟಿಕೊಂಡಿದ್ದೇವಲ್ಲ, ನಮಗೇನು ನೆಪ?

ಶಹಾಪುರ ತಾಲ್ಲೂಕಿನ ದೋರನಹಳ್ಳಿಯನ್ನು ಮರೆತಿದ್ದೇವೆಯೇ? 2022ರ ಫೆಬ್ರುವರಿ 25. ಸೀಮಂತದ ಮನೆ. ಅಡುಗೆಯ ಗ್ಯಾಸ್ ಸಿಲಿಂಡರಿನಿಂದ ಸೋರಿ ಹತ್ತಿದ ಬೆಂಕಿ. ಮುಂದಿನ ದಿನಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಹತ್ತಕ್ಕೂ ಹೆಚ್ಚು ಮಂದಿ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. ಆ ಮೇಲಿನ ವರ್ಷಗಳಲ್ಲಿ ನಮ್ಮ ಎಷ್ಟು ಕಲ್ಯಾಣ ಮಂಟಪಗಳಲ್ಲಿ ಅಡುಗೆ ಮನೆಗೆ ಎರಡನೆಯ ಬಾಗಿಲು ಇಟ್ಟರು? ಮದುವೆ ಸೀಜನ್ನಿನಲ್ಲಿ ಊಟಕ್ಕೆ ಹೋದಾಗ ಹಿಂದೆ ಇಣುಕಿ ನೋಡಿ. ಒಂದೇ ಬಾಗಿಲು, ಅದಕ್ಕೆ ಅಡ್ಡವಾಗಿ ಸಿಲಿಂಡರುಗಳ ಸಾಲು, ಪಕ್ಕದಲ್ಲೇ ಎಣ್ಣೆಯ ಡಬ್ಬಿ. ಮದ್ದಿನ ಕೆಳಗೆ ಹತ್ತಿ ತುಂಬಿದವರು ಮುಂಬೈಯಲ್ಲಿ ಮಾತ್ರ ಇದ್ದರೆಂದು ತಿಳಿಯಬೇಡಿ.

ಬೇಸಗೆಯಲ್ಲಿ ಬಣವೆ ಸುಟ್ಟಿತು, ಗುಡಿಸಲು ಸುಟ್ಟಿತು, ಕಟ್ಟಿದ ಎತ್ತು ಸುಟ್ಟುಹೋಯಿತು ಎಂದು ದಿನಾ ಓದುತ್ತೇವೆ. ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ತಡವಾಗಿ ಬಂದರೆಂದು ಅವರನ್ನು ಬೈಯುವವರು, ಎಷ್ಟು ಹಳ್ಳಿಗೆ ಒಂದು ವಾಹನ ಎಂದು ಲೆಕ್ಕ ಹಾಕುವುದಿಲ್ಲ. ನೀರು ತುಂಬಿಕೊಳ್ಳಲು ಎಲ್ಲಿಗೆ ಹೋಗಬೇಕು, ಓಣಿಯೊಳಗೆ ಗಾಡಿ ಹೊರಳುತ್ತದೆಯೇ ಎಂದು ನೋಡುವುದಿಲ್ಲ. ಬೆಂಕಿ ಬಿದ್ದ ಮನೆಯ ಮುಂದೆ ಮೊಬೈಲು ಎತ್ತಿ ವಿಡಿಯೊ ಮಾಡುವವರ ಗುಂಪೇ ಆ ಗಾಡಿಗೆ ಅಡ್ಡ ನಿಂತಿರುತ್ತದೆ. ಮೊದಲು 101 ಅಥವಾ 112 ಒತ್ತಿರಪ್ಪಾ, ವಿಡಿಯೊ ಆಮೇಲೆ.

ನಾನು ಕೇಳುವುದು ದೊಡ್ಡದೇನಲ್ಲ. ಬರುವ ಏಪ್ರಿಲ್ 14ರಂದು ಬಾಬಾಸಾಹೇಬರಿಗೆ ಹಾರ ಹಾಕಿದ ಮೇಲೆ ನಿಮ್ಮೂರಿನ ಅಗ್ನಿಶಾಮಕ ಠಾಣೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕಾರ್ಮಿಕರ ಜೀವದ ಬೆಲೆ ಗೊತ್ತಿದ್ದ ಅವರ ಜಯಂತಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಸಿಬ್ಬಂದಿ ಎಷ್ಟು ಇರಬೇಕು, ಎಷ್ಟಿದ್ದಾರೆ, ಗಾಡಿ ಎಷ್ಟು ಹಳೆಯದು ಎಂದು ಅವರನ್ನೇ ಕೇಳಿ, ಕೇಳಿದ್ದನ್ನು ನಿಮ್ಮ ಶಾಸಕರ ಮುಂದೆ ಇಡಿ. ಮಿಲ್ಲಿನ ಮಾಲೀಕರೇ, ನಿಮಗೆ ಕೈಮುಗಿದು ಹೇಳುತ್ತೇನೆ: ಹತ್ತಿಗೆ ವಿಮೆ ಮಾಡಿಸುತ್ತೀರಿ, ಹಮಾಲನಿಗೂ ಒಂದು ಬಾಗಿಲು ಇಡಿ. ತಪ್ಪು ತೋರಿಸಿದವನ ಕೂಲಿ ಕಸಿಯಬೇಡಿ. ಅವನು ನಿಮ್ಮ ಮಿಲ್ಲು ಉಳಿಸಲು ಬಂದವನು. ಶಾಲೆಯ ಮುಖ್ಯೋಪಾಧ್ಯಾಯರೇ, ಗೋಡೆಯ ಮೇಲಿನ ಕೆಂಪು ಸಿಲಿಂಡರನ್ನು ಈ ವಾರವೇ ಇಳಿಸಿ ಪಿನ್ನು ತೆಗೆದು ನೋಡಿ, ಹತ್ತನೆಯ ತರಗತಿಯ ಮಕ್ಕಳ ಕೈಗೆ ಕೊಟ್ಟು ನೋಡಿ. ಖಾಲಿಯಾದರೆ ತುಂಬಿಸಬಹುದು.

ಇನ್ನು ಹಡಗಿನ ಪ್ರಶ್ನೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ವಿಧಾನಸಭಾ ಕ್ಷೇತ್ರಗಳು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. ನಮ್ಮ ಸಂಸದರು ರಕ್ಷಣಾ ಮಂತ್ರಿಗಳಿಗೆ ಒಂದು ಲಿಖಿತ ಪ್ರಶ್ನೆ ಹಾಕಬಹುದು. ಅದಕ್ಕೆ ಯಾವ ಪಕ್ಷದ ಅಪ್ಪಣೆಯೂ ಬೇಕಿಲ್ಲ. ಕಾರವಾರದಲ್ಲಿ ವಿಕ್ರಮಾದಿತ್ಯಕ್ಕೆ 2019, 2021, 2022ರಲ್ಲಿ ಬಿದ್ದ ಬೆಂಕಿಗಳ ಬಗ್ಗೆ, ಮುಂಬೈಯಲ್ಲಿ ಬ್ರಹ್ಮಪುತ್ರಕ್ಕೆ 2024ರಲ್ಲಿ ಬಿದ್ದ ಬೆಂಕಿಯ ಬಗ್ಗೆ ವಿಚಾರಣೆಗಳು ಏನು ಹೇಳಿದವು? ಅದರಲ್ಲಿ ಎಷ್ಟು ಜಾರಿಯಾಯಿತು? ರಿಪೇರಿಗೆ ನಿಂತ ಹಡಗಿನಲ್ಲಿ ರಜೆಯ ದಿನದ ಕಾವಲಿಗೆ ಈಗ ಯಾವ ನಿಯಮವಿದೆ?

ಈ ಮೂರು ಪ್ರಶ್ನೆಗಳನ್ನು ನಿಮ್ಮ ಕೈಬರಹದಲ್ಲಿ ಒಂದು ಕಾರ್ಡಿನ ಮೇಲೆ ಬರೆಯಿರಿ. ಕೆಳಗೆ ನಿಮ್ಮ ಹೆಸರು, ಊರು ಹಾಕಿ. ಮಗ ಸೇನೆಯಲ್ಲಿದ್ದರೆ ಅದನ್ನೂ ಬರೆಯಿರಿ. ಬರುವ ಅಧಿವೇಶನ ಶುರುವಾಗುವುದಕ್ಕೆ ಮುಂಚೆ ಅಂಚೆ ಡಬ್ಬಿಗೆ ಹಾಕಿ. ವಿಳಾಸ ಇಷ್ಟು ಸಾಕು: ಲೋಕಸಭಾ ಸದಸ್ಯರು, ರಾಯಚೂರು.